ಪೆಟ್ಟು ತಿಂದವರ ಅಕ್ಕ

ಆಟದಲ್ಲಿ ತಲೆಗೆ ಪೆಟ್ಟು ತಿಂದವರ ಮಿದುಳು ವಯಸ್ಸಾದ ಮೇಲೆ ಹೇಗಿರುತ್ತದೆಂದು ತಿಳಿಯಲು ಆಸ್ಪತ್ರೆ ನಡೆಸುವ ಸಂಶೋಧನೆಗೆ ಅವಳು ಸಂಯೋಜಕಿ. ಹಳೆಯ ಆಟಗಾರರಿಗೆಲ್ಲ ಅಕ್ಕ. ಊಟಕ್ಕೆ ಕೂತರೂ ಫೋನು ಕಿವಿಯಲ್ಲೇ: "ನಿದ್ದೆ ಬಂತಾ? ತಲೆ ಸುತ್ತುತ್ತಾ? ನಾನು ಆಗ ಹೇಳಿದ ಐದು ಪದ ನೆನಪು ಮಾಡ್ಕೊಂಡು ಹೇಳಿ ನೋಡೋಣ, ನಿಧಾನಕ್ಕೆ, ಅವಸರ ಇಲ್ಲ." ಚೆಂಡು-ಬ್ಯಾಟಿನ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳಿಗೆ ಬೆಣ್ಣೆ ಹಚ್ಚುವ ಗಂಡನಿಗೂ ಅಷ್ಟು ನಯ ಬಾರದು, ಕೇಳಿ ಕೇಳಿ ಅವನ ಹೊಟ್ಟೆ ಉರಿಯುತ್ತಿತ್ತು. "ನಾನೂ ಆಡೋವಾಗ ಗೋಲ್‌ಕಂಬಕ್ಕೆ ತಲೆ ಚಚ್ಚಿಕೊಂಡವನೇ ಕಣೇ! ನನಗೆ ಜ್ವರ ಬಂದ್ರೆ ಮಾತ್ರ 'ಮಾತ್ರೆ ಅಲ್ಲಿದೆ' ಅಂತೀಯ." "ಒಳಗೇನಾದ್ರೂ ಇದ್ರೆ ತಾನೇ ರೀ, ಪೆಟ್ಟಾಗೋದು," ಎಂದು ಅವಳು ನಗುತ್ತಿದ್ದಳು. ಮೊನ್ನೆ ಅವನು ಆಗಷ್ಟೇ ಹೇಳಿದ ಗಿರಾಕಿಯ ಕತೆಯನ್ನೇ ಮತ್ತೆ ಮೊದಲಿಂದ ಶುರುಮಾಡಿದಾಗ ಅವಳು ನಗಲಿಲ್ಲ. ಫೋನು ಕೆಳಗಿಟ್ಟು ಪಕ್ಕದಲ್ಲಿ ಕೂತು, "ಐದು ಪದ ಹೇಳ್ತೀನಿ ರೀ, ನಿಧಾನಕ್ಕೆ, ಅವಸರ ಇಲ್ಲ," ಎಂದಳು. ಇಷ್ಟು ವರ್ಷ ಅವನು ಆಸೆಪಟ್ಟ ಅದೇ ದನಿ. 'ಮಾತ್ರೆ ಅಲ್ಲಿದೆ' ಅಂದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.