ಏಳು ತಿರುವುಗಳ ಹಲಗೆ ದಾರಿ

ಬೆಳಗಿನ ಐದೂವರೆ. ಇಲ್ಲಿನವರೆಲ್ಲ ಹಲಗೆ ಅಕ್ಕ ಎಂದು ಕರೆಯುವವರು ಚಪ್ಪಲಿ ಕಳಚಿ ಗೇಟಿನ ಪಕ್ಕ ಇಟ್ಟು, ಮೊದಲ ಹಲಗೆಯ ಮೇಲೆ ಎರಡೂ ಕಾಲು ಜೋಡಿಸಿ ಕುಪ್ಪಳಿಸುತ್ತಾರೆ. ಆಮೇಲೆ ಎರಡನೆಯದು, ಮೂರನೆಯದು. ಐವತ್ಮೂರರ ಹೆಂಗಸೊಬ್ಬರು ಕುಂಟೆಬಿಲ್ಲೆ ಆಡುವವರ ಹಾಗೆ ಮಂಜಿನೊಳಗೆ ಹೋಗುವುದನ್ನು ಕಂಡು ನನಗೆ ನಗು ತಡೆಯಲಾಗುವುದಿಲ್ಲ.

"ನಗಿ, ಪರವಾಗಿಲ್ಲ. ಕಣ್ಣಿಗೆ ಗಟ್ಟಿ ಕಾಣೋ ಹಲಗೆ ಒಳಗೆ ಕೊಳೆತಿರತ್ತೆ. ಅದು ಅಂಗಾಲಿಗೆ ಮಾತ್ರ ಗೊತ್ತಾಗೋದು" ಎನ್ನುತ್ತಾರೆ.

ಇದು ನಡುಗುವ ನೆಲ. ನೀರಿನ ಮೇಲೆ ಪಾಚಿ ಬೆಳೆದು, ಅದರ ಮೇಲೆ ಮತ್ತೆ ಪಾಚಿ ಕೂತು, ಸಾವಿರಾರು ವರ್ಷಗಳಲ್ಲಿ ಹಾಸಿಗೆಯಂತಾದ ಜೌಗು. ಅಕ್ಕ ಇಲ್ಲಿ ಕುಪ್ಪಳಿಸಿದರೆ ಹತ್ತು ಮಾರು ಆಚೆಯ ಪೊದೆ ತಲೆಯಾಡಿಸುತ್ತದೆ. ಇದರ ಮೇಲೆ ನಾನೂರ ಹನ್ನೆರಡು ಹಲಗೆಗಳ ಕಾಲುದಾರಿ. ದಿನಕ್ಕೆ ನಲವತ್ತು ಜನ, ರಜಾದಿನವಾದರೆ ಇನ್ನೂರು ಜನ ನೋಡಲು ಬರುತ್ತಾರೆ. ಅವರು ಬರುವ ಮೊದಲು ಅಷ್ಟೂ ಹಲಗೆಗಳನ್ನು ಮೆಟ್ಟಿ ನೋಡುವುದು ಹನ್ನೆರಡು ವರ್ಷಗಳಿಂದ ಇವರ ಕೆಲಸ. ಎರಡು ಸಲ ಸೊಂಟದವರೆಗೆ ಹೂತಿದ್ದಾರೆ. ಎಡ ಮಂಡಿ ಈಗ ಮಾತು ಕೇಳುವುದಿಲ್ಲ. ಹಲಗೆ ಕೊಯ್ದು ಕೊಡುವವರು ಇವರ ಯಜಮಾನರೇ, ಬಡಗಿ. "ಜೌಗಿನ ಹಲಗೆ ಎಲ್ಲಾ ಇವಳಿಗೆ ಬಾಯಿಪಾಠ. ಮನೆ ಬಾಗಿಲು ಕಿರ್ ಅನ್ನೋದು ಮಾತ್ರ ಕಿವಿಗೆ ಬೀಳಲ್ಲ" ಎಂದು ಅವರ ದೂರು.

ದಾರಿಯಲ್ಲಿ ಏಳು ತಿರುವುಗಳಿವೆ. ಯಾಕೆಂದು ಯಾರಿಗೂ ತಿಳಿಯದು. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ ಎಂದು ಬಂದವರು ಅಕ್ಕನನ್ನು ಛೇಡಿಸುವುದುಂಟು. ಅಕ್ಕ ನಗುತ್ತಾ ಮುಂದಿನ ಹಲಗೆ ಮೆಟ್ಟುತ್ತಾರೆ. ನನಗೆ ಮಾತ್ರ ಒಂದು ತಿರುವಿನಲ್ಲಿ, "ಹೊಟ್ಟೆ ಮೇಲೆ ಮಲಗಿ ನೋಡಿ" ಎನ್ನುತ್ತಾರೆ.

ಮಲಗುತ್ತೇನೆ. ಮೂಗಿನಿಂದ ಒಂದು ಗೇಣು ಆಚೆ, ನಾಣ್ಯದಗಲದ ಕೆಂಪು ಗಿಡಗಳು. ಎಲೆಯ ತುಂಬ ಕೂದಲು, ಪ್ರತಿ ಕೂದಲ ತುದಿಗೂ ಬಿಸಿಲೇರಿದರೂ ಆರದ ಹನಿ. ಅದು ಇಬ್ಬನಿಯಲ್ಲ, ಅಂಟು. ಒಂದು ಎಲೆ ಸೊಳ್ಳೆಯೊಂದನ್ನು ಮೆಲ್ಲಗೆ ಮಡಿಚಿಕೊಳ್ಳುತ್ತಿದೆ.

"ನನ್ನ ಪುಟ್ಟ ರಾಕ್ಷಸಿಯರು" ಎಂದು ಅಕ್ಕ ಮಗುವಿನ ಕೆನ್ನೆ ಹಿಂಡುವ ದನಿಯಲ್ಲಿ ಹೇಳುತ್ತಾರೆ.

ಮೊದಲು ದಾರಿ ನೆಟ್ಟಗಿತ್ತು. ಗಿಡ ತುಳಿಯದಿರಲೆಂದು ಅಕ್ಕ ಇಲ್ಲೊಂದು ತಿರುವು ಹಾಕಿದರು. "ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಂಡಂಗಾಯ್ತು. ಇಲ್ಲಿ ಮಾತ್ರ ಯಾಕೆ ಸೊಟ್ಟ ಅಂತ ಎಲ್ರೂ ಕೆಳಗಿಳಿದು ಹುಡುಕಿದ್ರು. ಒಂದೇ ವಾರಕ್ಕೆ ಅರ್ಧ ಗಿಡ ಹೋಯ್ತು. ಅವತ್ತು ಮನೇಲಿ ಊಟ ಸೇರಲಿಲ್ಲ. ಆಮೇಲೆ ಏನೂ ಇಲ್ಲದ ಕಡೆ ಇನ್ನೂ ಆರು ತಿರುವು ಹಾಕಿದೆ. ಸುಳ್ಳು ತಿರುವು."

ಆ ಸುಳ್ಳಿಗೆ ಇವತ್ತು ಕುತ್ತು ಬಂದಿದೆ. ದಾರಿ ನೆಟ್ಟಗಾದರೆ ಅರವತ್ತು ಹಲಗೆ ಉಳಿಯುತ್ತವೆಂದು ಹೊಸ ಎಂಜಿನಿಯರ್ ಗುರುತು ಹಾಕಿಸಿದ್ದಾರೆ. ಗಿಡದ ವಿಷಯ ಕೇಳಿ ಆ ಒಂದು ತಿರುವು ಉಳಿಸಲು ಒಪ್ಪಿದ್ದಾರೆ, ಉಳಿದ ಆರು ಬೇಡ. ಒಂಬತ್ತಕ್ಕೆ ಬಂದು ಸಹಿ ಹಾಕುತ್ತಾರೆ. "ಒಂದೇ ಉಳಿದ್ರೆ ಬೆರಳು ಮಾಡಿ ತೋರಿಸಿದ ಹಾಗೇ ಅಲ್ವಾ?" ಎಂದು ಅಕ್ಕ ಕೇಳುತ್ತಾರೆ.

ಮುಂದಿನ ತಿರುವುಗಳಲ್ಲಿ ಅಕ್ಕ ಕುಪ್ಪಳಿಸುವುದಿಲ್ಲ, ಸುಮ್ಮನೆ ನಡೆಯುತ್ತಾರೆ. ಹಾಗೆ ತಲೆ ತಗ್ಗಿಸಿ ನಡೆಯುತ್ತಿದ್ದವರು ಒಂದು ಕಡೆ ಗಕ್ಕನೆ ನಿಂತು, ನೋವಿನ ಮಂಡಿಯನ್ನೂ ಮರೆತು ಹಲಗೆಯ ಮೇಲೆ ಬೋರಲು ಮಲಗುತ್ತಾರೆ. ನಾನೂ ಪಕ್ಕದಲ್ಲಿ ಮಲಗುತ್ತೇನೆ. ಪಾಚಿಯ ನಡುವೆ ಗುಂಡುಸೂಜಿಯ ತಲೆಯಷ್ಟು ಕೆಂಪು. ಒಂದಲ್ಲ, ಒಂಬತ್ತು ಮರಿ ರಾಕ್ಷಸಿಯರು. ಆರು ಸುಳ್ಳು ತಿರುವುಗಳಲ್ಲಿ ಇದೂ ಒಂದು.

ಒಂಬತ್ತಕ್ಕೆ ಬಂದ ಎಂಜಿನಿಯರ್, "ಅಕ್ಕಾ, ನಾಯಿ ಬಾಲನಾದ್ರೂ ನೆಟ್ಟಗಾಗತ್ತೆ, ನಿಮ್ಮ ದಾರಿ ಆಗಲ್ಲ" ಎಂದು ನಗುತ್ತಲೇ ಬರುತ್ತಾರೆ.

"ಸಾರ್, ಇಲ್ಲಿ ಸ್ವಲ್ಪ ಮಲಗಿ."

ಇಸ್ತ್ರಿ ಅಂಗಿಯನ್ನು ಒಮ್ಮೆ ನೋಡಿಕೊಂಡು ಅವರು ಮಲಗುತ್ತಾರೆ. ಬಹಳ ಹೊತ್ತು ಏಳುವುದಿಲ್ಲ. ಎದ್ದಾಗ ಎದೆಯೆಲ್ಲ ಒದ್ದೆ. "ಇದರ ಮೇಲೇ ಹಲಗೆ ಬರ್ತಿತ್ತಲ್ಲ. ಇನ್ನು ಯಾವ್ಯಾವ ತಿರುವಲ್ಲಿ ಹುಟ್ಟತ್ತೋ" ಎಂದಷ್ಟೇ ಹೇಳಿ, ಕಾಗದದಲ್ಲಿ ನೆಟ್ಟಗೆ ಎಳೆದಿದ್ದ ಗೆರೆಯನ್ನು ಹೊಡೆದುಹಾಕುತ್ತಾರೆ. ಏಳೂ ತಿರುವುಗಳು ಉಳಿಯುತ್ತವೆ.

ಇದನ್ನೆಲ್ಲ ಬರೆಯಬಹುದೇ ಎಂದು ಹೊರಡುವಾಗ ಕೇಳುತ್ತೇನೆ.

"ಬರೀರಿ. ಏಳೂ ಕಡೆ ಹಲಗೆ ಮೇಲೇ ನಿಂತು ಹುಡುಕಲಿ. ಯಾವ ತಿರುವು ಅಂತ ಮಾತ್ರ ಬೇಡ" ಎನ್ನುತ್ತಾ ಚಪ್ಪಲಿ ಮೆಟ್ಟುತ್ತಾರೆ. ಮತ್ತೆ ಜೌಗಿನ ಕಡೆ ತಿರುಗಿ, ತಮಗೇ ಹೇಳಿಕೊಳ್ಳುವಂತೆ, "ಸುಳ್ಳು ಹೇಳಿದ್ದು ನಾನು. ನೆಲ ಅದನ್ನ ನಿಜ ಮಾಡಿಕೊಡ್ತು ನೋಡಿ."