ಚಾಚಾನ ಟ್ರಂಕಿನಾಗಿನ ಉಲ್ಟಾ ಮಾರಿ

ತಡೀರಿ, ಇಷ್ಟರಾಗ ಹಾಳಿ ತಿರುವಬ್ಯಾಡ್ರಿ. ಮೊದಲ ಆ ಬೆರಳ ನೋಡ್ರಿ. ಐದೂ ಉಗುರು ಕಾಚು ಬಳದಂಗ ಕಂದು, ಎಷ್ಟ ತೊಳದ್ರೂ ಹೋಗೂ ಬಣ್ಣ ಅಲ್ಲ. ಆ ಕೈ ಮೊಳಕೈತನಾ ಕರೇ ಅರಿವಿಯೊಳಗ ಹೊಕ್ಕು, ಮೂರುಕಾಲಿನ ಕಟಗಿ ಡಬ್ಬ್ಯಾಗ ಏನೋ ತಡಕಾಡತಿತ್ತು. ಹೊರಗ ನಿಂತಾವ್ರಿಗೆ ಏನೂ ಕಾಣಂಗಿಲ್ಲ. ನನ್ನ ಸಂಶಯ ಅಲ್ಲಿಂದನ ಚಾಲೂ.

ಅಂವ ವಿಜಾಪುರದಾಗ ಗೋಳಗುಮ್ಮಟದ ಮುಂದ ರಸ್ತಾದ ಮ್ಯಾಲ ಫೋಟೋ ತಗಿಯೂ ಚಾಚಾ. ಮೊದಲ ಹಾಳಿ ಮ್ಯಾಲ ಉಲ್ಟಾ ಚಿತ್ರ ಬರತಿತ್ತು, ಮಾರಿ ಕರೇದು, ಕೂದಲಾ ಬೆಳ್ಳಗ. ಅದನ್ನ ಡಬ್ಬಿ ಮುಂದ ಹಚ್ಚಿ ಮತ್ತೊಮ್ಮೆ ತಗದ್ರ ಸೀದಾ. ಸೀದಾ ಗಿರಾಕಿಗೆ, ಉಲ್ಟಾ ಚಾಚಾನ ಟ್ರಂಕಿಗೆ. ಯಾಕ ಅಂತ ಕೇಳಿದ್ರ, "ನಿನ್ನ ಕೆಲಸ ಆತಲ್ಲೋ, ನಡಿ," ಅಂತಿದ್ದ.

ಹತ್ತೊಂಬತ್ತನೂರಾ ಅರವತ್ತರ ಆಸುಪಾಸಿನ ಮಾತು. ನಾ ಒಂದು ಹಳೇ ಕ್ಯಾಮೆರಾ ಹಿಡಕೊಂಡು, ಪುಸ್ತಕ ನೋಡಿ ನಾನ ಕಲತಾಂವ. ಎಲ್ಲಾ ತಿಳದೇತಿ ಅನ್ನೂ ಸೊಕ್ಕು ಬ್ಯಾರೆ. ನನ್ನ ರೀಲೆಲ್ಲಾ ಗುಮ್ಮಟಕ್ಕ, ಕೋಟೆ ಗ್ವಾಡಿಗೆ, ಟಾಂಗಾದ ಕುದರಿಗೆ ಹೋಕ್ಕಿತ್ತು. ಅವ್ವನ ಫೋಟೋ ಒಂದೂ ತಗದಿದ್ದಿಲ್ಲ. ಅದಕ್ಕ ತಿಕೋಟಾದಿಂದ ಬಂದ ಅಕ್ಕ ಅವ್ವನ್ನ ಚಾಚಾನ ಮುಂದ ಕುಂಡ್ರಿಸಿದ್ಲು.

ಸೀದಾ ಫೋಟೋ ಕೈಗೆ ಬಂತು, ಛಲೋ ಬಂದಿತ್ತು. ಉಲ್ಟಾ ಬಕೀಟಿನ ನೀರಾಗ ತೇಲಾಕತ್ತಿತ್ತು. ಅಕ್ಕ ಬಗ್ಗಿ ನೋಡಿ ಚೀರಿ ಅಳಾಕತ್ತಿದ್ಲು.

"ಯವ್ವಾ! ಮುತ್ತೈದಿ ಕುಂಕುಮ ಬೆಳ್ಳಗ ಮಾಡ್ಯಾನಲ್ಲ ಬೇ! ಮೊದಲ ಹರೀರಿ ಅದನ್ನ!"

ಮಂದಿ ಕೂಡ್ತು. "ಏನ್ ಮಾಟಾ ಮಾಡಾಕತ್ತಿ ಚಾಚಾ?" ಅಂತ ಟಾಂಗಾದಾಂವ ನಕ್ಕ. ಚಾಚಾ ಒಂದು ಹಾಳಿ ಎತ್ತಿ ಪರಪರ ಹರದ. "ಆತೇನವಾ? ಅಳಬ್ಯಾಡ."

ನಾ ನೋಡಿದ್ನಿ. ಹರದ ಹಾಳಿ ಒಣಾ ಇತ್ತು.

ಆಮ್ಯಾಲೆ ನಾ ಮಾಡಿದ್ದು ಇಷ್ಟ. "ಉಲ್ಟಾ ಇಟಗೊಂಡಾನ್ರಿ, ಹೆಣ್ಣಮಕ್ಕಳ ಮಾರಿ ಇಟಗೊಂಡು ಏನ್ ಮಾಡ್ತಾನೋ," ಅಂತ ಓಣಿ ತುಂಬ ಹೇಳಿಕೋತ ಅಡ್ಡಾಡಿದ್ನಿ. ಹೆಣ್ಣಮಕ್ಕಳು ಆ ಡಬ್ಬಿ ಕಡೆ ಹಾಯೂದು ಬಿಟ್ರು. ಒಂದು ದಿವಸ ಚಾಚಾನ ಜಾಗಾ ಖಾಲಿ. ಬಬಲೇಶ್ವರ ಸಂತ್ಯಾಗ ಕುಂಡ್ರತಾನ ಅಂದ್ರು.

ಮುಂದಿನ ವರ್ಷ ಅವ್ವ ಹೋದ್ಲು. ಗ್ವಾಡಿ ಮ್ಯಾಲಿನ ಫೋಟೋ ಹಳದಿ ಆಗಿ, ಮಾರಿ ದಿನಾ ಇಷ್ಟಿಷ್ಟ ಅಳಿಸಿ ಹೊಂಟಿತ್ತು. ಅಕ್ಕ ಅಂದ್ಲು, "ಇಷ್ಟ ಕ್ಯಾಮೆರಾ ಕಲತಿ, ಅವ್ವನ್ನ ಒಮ್ಮೆರ ತಗದಿಯೇನೋ?"

ಉಲ್ಟಾ ಇನ್ನೂ ಇದ್ರ ಮತ್ತೊಂದು ಸೀದಾ ತಗಸಬೇಕಂತ ಬಬಲೇಶ್ವರಕ್ಕ ಹೋದ್ನಿ.

"ಚಾಚಾ, ಅವತ್ತ ಹರದದ್ದು ಯಾವುದು?"

"ಹೊಸಾ ಹಾಳಿ. ಕುಂತಾವ್ರ ಮಾರಿ ಹ್ಯಾಂಗ ಹರೀಲೋ?"

ಟ್ರಂಕ್ ತಗದ. ಅವ್ವ ಸಿಕ್ಕಳು. ಕರೇ ಮಾರಿ, ಬಿಳೇ ಕೂದಲಾ, ಆದ್ರ ಹಣಿ ಮ್ಯಾಲ ಖರೇ ಕುಂಕುಮ, ಕೆಂಪ! ಟ್ರಂಕಿನಾಗಿನ ಮುತ್ತೈದ್ಯಾರಿಗೆಲ್ಲಾ ಹಂಗ ಹಚ್ಚಿದ್ದ.

"ಕುಂಕುಮ ಮಗ್ಗಲ ಮನಿ ಬಾಯಾರ ಕಡೆ ಕೇಳಿ ತಂದೇನಿ. ನಿಮ್ಮಕ್ಕ ಅತ್ತ ಮ್ಯಾಲ ನನಗೂ ಬರೇ ಹಣಿ ಇಡಾಕ ಮನಸಾಗಲಿಲ್ಲ." ಹಸಿ ಹತ್ತಿ ಅರಳಿ ನನ್ನ ಕೈಯಾಗ ಕೊಟ್ಟ. "ಒರಸು. ಕೆಂಪ ಇದ್ರ ಫೋಟೋದಾಗ ಬೆಳ್ಳಗ ಬರತೈತಿ. ನಿಮ್ಮವ್ವ, ನೀನ ಒರಸು."

ಪುಸ್ತಕ ಓದಿದ ಶಾಣ್ಯಾ ನಾನು. ಕೈ ಏಳಲಿಲ್ಲ.

"ಹಂಗ ತಗೀ ಚಾಚಾ."

ಕುಂಕುಮ ಬೆಳ್ಳಗ ಬಂತು. ಅಕ್ಕ ನೋಡಿದ್ಲು, ಈ ಸಲ ಚೀರಲಿಲ್ಲ. ಬೆರಳಲೆ ಕುಂಕುಮ ತಗೊಂಡು ಫೋಟೋಕ್ಕ ಹಚ್ಚಿದ್ಲು.

ಅರಳಿ ಕೊಡೂಮುಂದ ಚಾಚಾ ನನ್ನ ಮಾರೀನ ನೋಡಾಕತ್ತಿದ್ದ. ಸುದ್ದಿ ಹಬ್ಬಿಸಿದಾಂವ ನಾನ ಅಂತ ಅಂವಗ ಗೊತ್ತಿತ್ತೇನು? ಕೇಳೂ ಧೈರ್ಯ ಆಗಲಿಲ್ಲ. ಹೋದ ವರ್ಷ ಚಾಚಾನೂ ತೀರಕೊಂಡ.

ನಿಮ್ಮ ಮನ್ಯಾಗ ಚಾಚಾ ತಗದ ಫೋಟೋ ಇದ್ರ, ಅಂವನ ಬಗ್ಗೆ ಏನರ ಕೇಳಿದ್ರ, ಬರದು ತಿಳಸ್ರಿ. ಕೇಳಿದ್ದು ಅವಾಗ ನಾ ಹಬ್ಬಿಸಿದ ಆ ಸುಳ್ಳ ಇದ್ರೂ ಬರೀರಿ.