ಗೆದ್ದಲು ತಿಂದ ಮೂಲೆಗೆ

ಬೇಸಿಗೆ ರಜ ಸಿಕ್ಕಿದ ಮಾರನೆಯ ದಿನವೇ ಹೊಳೆನರಸೀಪುರದಲ್ಲಿ ಮೈಸೂರು ರೈಲು ಹತ್ತಿದೆ. ಚೀಲದಲ್ಲಿ ಹುರಿಹಿಟ್ಟು, ಹುಣಸೆ ತೊಕ್ಕು. ಹೊರಟಿದ್ದು ಮಲಯಾಕ್ಕೆ, ನನ್ನದೊಂದು ಹಳೆಯ ತಪ್ಪನ್ನು ಒಪ್ಪಿಕೊಳ್ಳಲು.

ಹೈಸ್ಕೂಲಿನಲ್ಲಿ ಭೂಗೋಳ ಹೇಳುವ ನಾನು, ಏಷ್ಯಾ ಖಂಡದ ನೆಲ ದಕ್ಷಿಣದಲ್ಲಿ ಕನ್ಯಾಕುಮಾರಿಗೆ ಮುಗಿಯುತ್ತದೆಂದು ವರ್ಷಾನುಗಟ್ಟಲೆ ಮಕ್ಕಳಿಂದ ಕೂಗಿಸಿದ್ದೆ. ನಮ್ಮ ಗೋಡೆ ನಕ್ಷೆಯ ಬಲಗಡೆ ಕೆಳಮೂಲೆಯನ್ನು ಗೆದ್ದಲು ತಿಂದಿತ್ತು. ದಂಡಿಗನಹಳ್ಳಿಯ ತಿಮ್ಮೇಗೌಡ ಒಂದು ದಿನ ಎದ್ದು ನಿಂತು, "ಆ ತೂತಲ್ಲಿ ಏನಿತ್ತು ಸಾ?" ಎಂದ. ತರಗತಿಯೆಲ್ಲ ಗೊಳ್ಳೆಂದಿತು. ಅಂಗೈ ಚಾಚಿಸಿ ಎರಡು ಏಟು ಬಿಟ್ಟೆ.

ಆ ತಿಮ್ಮೇಗೌಡನೇ ಈಗ ಮಲಯಾದ ರಬ್ಬರ್ ತೋಟದಲ್ಲಿ ಗುಮಾಸ್ತ. "ಸಾರ್, ನಾನು ಆ ತೂತಿನಲ್ಲೇ ಸಂಸಾರ ಹೂಡಿದ್ದೇನೆ, ಬಂದು ನೋಡಿ" ಎಂದು ಕಾಗದ ಬರೆದು, ಹಡಗಿನ ಟಿಕೆಟ್ಟನ್ನೂ ಕಳಿಸಿದ್ದ. ಹೊಸ ನಕ್ಷೆ ತರಿಸಿ ನೋಡಿದೆ. ಕನ್ಯಾಕುಮಾರಿಗಿಂತ ಎಷ್ಟೋ ಕೆಳಗಿತ್ತು ಮಲಯಾದ ತುದಿ! ನಾಚಿಕೆಯಾಯಿತು.

ಮದರಾಸಿನಿಂದ ಮುಂದೆ ಹಡಗು. ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು ಹತ್ತು ದಿನ. ಮೊದಲ ಮೂರು ದಿನ ಬರೀ ವಾಂತಿ. ತಂಜಾವೂರಿನ ಅಜ್ಜಿಯೊಬ್ಬರು ನಿಂಬೆ ಉಪ್ಪಿನಕಾಯಿ ನೆಕ್ಕಿಸಿ ಬದುಕಿಸಿದರು.

ಸಿಂಗಪುರದ ಹಡಗುಕಟ್ಟೆಯಲ್ಲಿ ತಿಮ್ಮೇಗೌಡ ನನಗಿಂತ ಒಂದು ಗೇಣು ಎತ್ತರವಾಗಿ ನಿಂತಿದ್ದ. "ಏನ್ ಸಾ, ಇಂಗ್ ಸೊರಗ್ಬುಟ್ಟಿದೀರಾ!" ಎಂದು ಚೀಲ ಕಿತ್ತುಕೊಂಡ. ಅಲ್ಲಿಂದ ಮಲಯಾಕ್ಕೆ ದಾಟಿ ತೋಟದ ಮನೆ ಸೇರಿದೆವು. ಅವನ ಹೆಂಡತಿ, ರಾಗಿ ಸಿಗದೆ ಅಕ್ಕಿಹಿಟ್ಟಿನಲ್ಲೇ ಮುದ್ದೆ ಕಟ್ಟಿ ಬಸ್ಸಾರು ಬಡಿಸಿದಳು. ಎರಡು ದಿನ ಊಟ, ನಿದ್ದೆ, ಊರಿನ ಸುದ್ದಿ. ಹೇಳಬೇಕಾದ್ದು ಮಾತ್ರ ಬಾಯಿಗೆ ಬರಲೊಲ್ಲದು. ತರಗತಿಯಲ್ಲಿ ಎಷ್ಟು ಜೋರು ನನ್ನ ಬಾಯಿ!

ಮೂರನೆಯ ದಿನ ಬೆಳಿಗ್ಗೆ ಮೀನುಗಾರರ ದೋಣಿಯಲ್ಲಿ ತುದಿಗೆ ಹೋದೆವು. ಬಂಡೆಯಿಲ್ಲ, ಗುಡಿಯಿಲ್ಲ. ಮೊಣಕಾಲುದ್ದ ಕೆಸರು, ಬೇರುಗಳನ್ನೆಲ್ಲ ನೀರಿನ ಮೇಲೆ ಎತ್ತಿಕೊಂಡು ನಿಂತ ಮರಗಳು, ಸೊಳ್ಳೆ.

"ಇಷ್ಟೇನೋ?" ಎಂದೆ.

"ಇಷ್ಟೇಯಾ ಸಾ. ಅಗೋ, ಅಲ್ಲಿ ಕಾಣಾದೆಲ್ಲಾ ಬರೀ ದ್ವೀಪ. ಖಂಡದ್ ನೆಲ ಇಲ್ಗೇ ಮುಗೀತು."

ಕೆಸರಿನಲ್ಲಿ ಹೂತುಕೊಂಡೇ ಅವನ ಮುಂದೆ ಅಂಗೈ ಚಾಚಿದೆ. "ತಿಮ್ಮೇಗೌಡ, ನಾನು ತಪ್ಪು ಹೇಳಿಕೊಟ್ಟೆ ಕಣಪ್ಪ. ಸರಿಯಾದ ಪ್ರಶ್ನೆ ಕೇಳಿದ್ದಕ್ಕೆ ನಿನ್ನನ್ನ ಹೊಡೆದೆ. ಈಗ ನೀನು ಹೊಡಿ."

"ಅಯ್ಯೋ, ಬುಡಿ ಸಾ, ಯಾವ್ ಕಾಲದ್ ಮಾತು!"

ನಾನು ಕೈ ಹಿಂತೆಗೆಯಲಿಲ್ಲ. ಅವನು ನನ್ನ ಮುಖವನ್ನೇ ನೋಡಿದ. ಪಕ್ಕದ ಮರದಿಂದ ಕಡ್ಡಿಯೊಂದನ್ನು ಮುರಿದು, ಅದನ್ನು ಕಣ್ಣಿಗೊತ್ತಿಕೊಂಡು, ಚಟೀರೆಂದು ಬಿಟ್ಟ. ಜೋರಾಗಿಯೇ ಬಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನನ್ನ ಎದೆ ಹಗುರವಾಯಿತು.

ದೋಣಿ ಹೊರಟಾಗ ಹಿಂತಿರುಗಿ ನೋಡಿದೆ. ನಾವು ನಿಂತಿದ್ದ ಜಾಗಕ್ಕೆ ಆಗಲೇ ನೀರು ಏರುತ್ತಿತ್ತು.

"ನಾನು ಎರಡು ಹೊಡೆದಿದ್ದೆನಲ್ಲೋ, ಇನ್ನೊಂದು?" ಎಂದೆ.

"ಅದ್ನ ಈಗ ಕೊಡಾಕಿಲ್ಲ ಸಾ," ಎಂದ ತಿಮ್ಮೇಗೌಡ. "ಅದುಕ್ಕಾದ್ರೂ ಇನ್ನೊಂದ್ಸಲ ಬರ್ಬೇಕು ನೀವು."